ಹತ್ತು ಗ್ರಾಂ ಕಮ್ಮಿ

ನಾಕನೂರಾ ಹನ್ನೆರಡನೇ ಥೈಲಿ, ತೂಕಕ್ಕ ಹತ್ತು ಗ್ರಾಂ ಕಮ್ಮಿ.
ಚೀಟಿ ಐತಿ: ತಾಳಿಕೋಟಿ ಹೋಬಳಿ, ಡೋಣಿ ದಂಡಿ, ಎರಿ,
ಒಂಬತ್ತು ಇಂಚು ಆಳ, ಬಸಲಿಂಗಪ್ಪ ಹಡಲಗೇರಿ.
ನೆರಳಾಗ ಹಳೇ ಪೇಪರಿನ ಮ್ಯಾಲ ಹರವಿ,
ಕಟ್ಟಿಗಿ ಕೊಡತಿಲೆ ಕುಟ್ಟಿ, ಜರಡಿ ಹಿಡದು
ನಿನ್ನೆ ಸಂಜೀಕ ನಾನೇ ತೂಗಿ ಇಟ್ಟಿದ್ದೆ.
ಇಲಿ ಎರಿ ತಿನ್ನೂದಿಲ್ಲ.

ಮೂಲ್ಯಾಗ ರಜಮಾ ಬಾಟಲಿ ತೊಳೀತಾಳ, ಬೆನ್ನು ಈ ಕಡೆ.
ಐದು ತಿಂಗಳು. ಸೆರಗಿನ ತುದಿಗೆ ಕರಿ ಬೆರಳಿನ ಗುರುತು.
"ರಜಮಾ."
"ಒದ್ದಿ ಕೈ ಹತ್ತಿತ್ರಿ ಸರ. ಮಳಿ ಬಿದ್ದ ವಾಸನಿ ಬಂತು,
ತಡಕೋಳಾಕ ಆಗಲಿಲ್ಲ. ಡಾಕ್ಟರ್ ಬಾಯಿಗೆ ಹೇಳಬ್ಯಾಡ್ರಿ."
ರಿಜಿಸ್ಟರಿನಾಗ 'ಸೋರಿಕೆ' ಅಂತ ಬರದೆ.

ಕಬ್ಬಿಣದ ಗುಳಿಗಿ ತಗೋವಾ, ಇದರಾಗ ಹುಳ ಇರತಾವ
ಅಂತ ಹೇಳಿದೆ. ಹೇಳಿದ್ದು ಬಾಯಿ.
ತಲಿಯಾಗ ಓಡಿದ್ದು ಬ್ಯಾರೇನೇ.

ಎರಿ ಅಂದ್ರ ಹಾಳಿ, ಹಾಳಿ ಮ್ಯಾಲ ಹಾಳಿ,
ಏನೂ ಬರೀದ ಕೀರ್ದಿ ಪುಸ್ತಕದಂಗ.
ನೀರು ಹೊಕ್ಕರ ಪುಸ್ತಕ ಉಬ್ಬತೈತಿ,
ಬಿಸಲಿಗೆ ಕುಗ್ಗಿ ಬಿರಕ ಬಿಡತೈತಿ. ಎಷ್ಟಂದ್ರ
ನಮ್ಮ ಕಾಕಾನ ಒಂದು ಕಾಲ್ಮರಿ ಇನ್ನೂ ಒಳಗೇ ಐತಿ.
ಹಾಳಿಗೆ ಮೈತುಂಬ ಋಣ.
ಋಣ ಇದ್ದಲ್ಲಿ ಧನ ತಾನಾಗೇ ಬಂದು ಅಂಟತೈತಿ:
ಸುಣ್ಣ, ಉಪ್ಪು, ಮೆಗ್ನೀಸಿಯಂ.
ಅದನ್ನ ಅಳೀತೀವಿ. ಕಾರ್ಡಿನಾಗ ಅದಕ್ಕೊಂದು ಕಾಲಂ ಐತಿ.

ಕಾಲಂ ಇಲ್ಲದ್ದು ಇದು:
ಬಾಯಿ ಅನ್ನೂದು ಇರಲಾರದ ಕಾಲಕ್ಕ,
ಹಸಿವಿ ಇನ್ನೂ ಯಾರದೂ ಆಗಿರದ ಕಾಲಕ್ಕ
ಇಂಥಾದ್ದೇ ಒಂದು ಮಣ್ಣು, ಯಾವುದೋ ಕುಣಿಯ ದಂಡ್ಯಾಗ
ತೊಯ್ದು ಒಣಗಿ ತೊಯ್ದು ಒಣಗಿ
ತೇಲಿ ಹೋಗೂ ಚೂರುಗಳನ್ನ ಹಾಳಿ ನಡಕ ಹಿಡದು
"ಎಲ್ಲಿಗೆ ಹೊಂಟೀರಿ, ಕೂಡ್ರಿ" ಅಂದಿರಬೇಕು.
ನೀರಾಗ ಇದ್ದಾಗ ಒಂದರ ಮಾರಿ ಒಂದು ನೋಡದವು
ನೀರು ಆರಿದಾಗ ಮಗ್ಗಲಕ್ಕ ಮಗ್ಗಲ ಕುಂತವು.
ಕೈ ಹಿಡದವು. ಕೈ ಇರಲಿಲ್ಲ, ಆದ್ರೂ ಹಿಡದವು.
ಸಾಲು ಉದ್ದ ಆತು.
ಸಾಲು, ತನ್ನಂಥಾದ್ದೇ ಇನ್ನೊಂದು ಬೇಕಂತು.

ಆತೇನು ಹಂಗ? ಕಂಡವರಿಲ್ಲ.
ಸಮುದ್ರದ ತಳದಾಗ ಕಬ್ಬಿಣ ಗಂಧಕದ ಒಲಿ ಹತ್ತಿತ್ತು,
ಬೆಂದದ್ದು ಅಲ್ಲಿ ಅಂತಾರ ಕೆಲವರು. ಇರಬಹುದು.
ಎರಡೂ ಸುಳ್ಳಿರಬಹುದು.
ಡೋಣಿ ಎರಿ ಅಂತೂ ಆ ಎರಿ ಅಲ್ಲ.
ಅದರ ಲೆಕ್ಕಕ್ಕ ನಿನ್ನೆ ಮೊನ್ನೆ ಉಕ್ಕಿ ಹರದ
ಕರಿಕಲ್ಲು ಸವದು ಆದದ್ದು ಇದು,
ಮರಿಮಗಳ ಮರಿಮಗಳು ಅನ್ನಾಕೂ ಬರೂದಿಲ್ಲ.
ಆದರ ಕೈಗುಣ ಹೋಗಿಲ್ಲ.
ಹಿಂಗಾರಿ ಜ್ವಾಳ, ಬಿತ್ತಿದ ಮ್ಯಾಲ ಒಂದು ಹನಿ ಬೀಳದಿದ್ರೂ
ಇದು ಹಿಡದಿಟ್ಟ ತಂಪಿನ ಮ್ಯಾಲೇ ತೆನಿ ಹಾಕತೈತಿ.
ಹಿಡಕೊಳ್ಳೂದು. ಅದಕ್ಕ ಬರೂ ವಿದ್ಯಾ ಅದೊಂದೇ.

ಎಳ್ಳಮಾಸಿಗೆ ನಮ್ಮವ್ವ ಬಸುರಿ ಹೊಲಕ್ಕ ಚರಗ ಚೆಲ್ಲತಿದ್ದಳು,
ಸಜ್ಜಿ ಕಡಬು, ಪುಂಡಿಪಲ್ಲೆ, ಬುತ್ತಿ.
ಹೊಲ ಉಂಡದ್ದನ್ನ ನಾ ಕಂಡಿಲ್ಲ.
ಬಸುರಿ ಹೊಲಾನೇ ಉಂಡದ್ದನ್ನ ಇವತ್ತ ಕಂಡೆ.
ಯಾರ ಬಯಕಿ ಯಾರು ತೀರಸತಾರ,
ಯಾವ ಋಣ ಯಾವ ಕಡೆ ಹರೀತೈತಿ,
ನಮ್ಮ ತಕ್ಕಡಿಗೆ ತಿಳಿಯೂದಿಲ್ಲ.
ಅದು ಬರೇ ಕಮ್ಮಿ ತೋರಸತೈತಿ.

ಮಧ್ಯಾಹ್ನ ಬುತ್ತಿ ಬಿಚ್ಚಾಗ ರಜಮಾ ಹೊಟ್ಟಿ ಮ್ಯಾಲ ಕೈ ಇಟ್ಟು
"ಒದೀತು" ಅಂದಳು, ತನಗ ತಾನೇ.
ನಾ ಕಾರ್ಡು ತುಂಬತಿದ್ದೆ.
ಸಾರಜನಕ ಕಡಿಮಿ. ರಂಜಕ ಮಧ್ಯಮ. ಪೊಟ್ಯಾಷ್ ಹೆಚ್ಚು.
ಸತುವಿನ ಕೊರತಿ.
ಷರಾ ಬರಿಯೂ ಜಾಗ ಖಾಲಿ ಇತ್ತು, ಖಾಲಿನೇ ಬಿಟ್ಟೆ.
ಉಳದ ಥೈಲಿ ಬಾಯಿ ಕಟ್ಟಿ
ಅವಳ ಕೈಗೆ ನಿಲುಕದಂಗ ಮ್ಯಾಲಿನ ಹಲಗಿಗೆ ಏರಿಸಿದೆ.
ಎರಡು ಸರ್ತಿ ಸಬಕಾರ ಹಚ್ಚಿದೆ.
ಉಗರ ಸಂದ್ಯಾಗ ಇನ್ನೂ ಐತಿ.